‘ಎಯ್ಟಿಫೈವ್ ಹಾಕಿದೀಯೇನಪ್ಪಾ?’

ಚೇಂಜಿಂಗ್ ಬ್ಯಾಗ್ ಅಂದರೆ ಎರಡು ತೋಳಿರುವ ಕರಿ ಚೀಲ. ಫಿಲ್ಮ್ ಡಬ್ಬಿಯನ್ನೂ ಕ್ಯಾಮೆರಾದ ಖಾಲಿ ಮ್ಯಾಗಜಿನ್ನನ್ನೂ ಅದರೊಳಗಿಟ್ಟು, ಜಿಪ್ ಎಳೆದು, ಮೊಣಕೈವರೆಗೆ ಕೈ ತೂರಿಸಿದರೆ ಅಲ್ಲಿಂದ ಮುಂದೆ ಕಣ್ಣಿಗೆ ಕೆಲಸವಿಲ್ಲ. ಡಬ್ಬಿಯ ಅಂಚಿನ ಟೇಪ್ ಸುಲಿಯುವುದು, ಒಳಗಿನ ಕರಿ ಕವರ್ ಬಿಡಿಸುವುದು, ರೋಲಿನ ತುದಿ ಹುಡುಕಿ ಮ್ಯಾಗಜಿನ್ನಿನ ಬಾಯಿಗೆ ಕೊಡುವುದು ಎಲ್ಲವೂ ಬೆರಳ ತುದಿಯಲ್ಲೇ. ಮೇ ತಿಂಗಳ ಔಟ್‌ಡೋರ್‌ನಲ್ಲಿ ಕೈ ಬೆವರಿ ಫಿಲ್ಮಿಗೆ ತೇವ ತಗುಲೀತೆಂಬ ಭಯ ಬೇರೆ. ಕ್ಯಾಮೆರಾ ಅಸಿಸ್ಟೆಂಟ್ ಆಗಿ ಹನ್ನೆರಡು ವರ್ಷ ನಾನು ಮಾಡಿದ್ದು ಮುಖ್ಯವಾಗಿ ಈ ಕೆಲಸ. ಕೈಯಲ್ಲಿ ಹೆಚ್ಚು ಹಾದುಹೋದದ್ದು ಕೊಡಕ್ ಕಂಪನಿಯ 500ಟಿ ಕಲರ್ ನೆಗೆಟಿವ್. ಮೊದಲು 5279, ಆಮೇಲೆ 5218, ಕೊನೆಗೆ 5219.

500 ಅನ್ನುವುದು ಫಿಲ್ಮಿನ ವೇಗ. ವೇಗ ಹೆಚ್ಚಿದ್ದಷ್ಟೂ ಕಡಿಮೆ ಬೆಳಕಲ್ಲಿ ಚಿತ್ರ ಮೂಡುತ್ತದೆ. ಆ ‘ಟಿ’ ಅಂದರೆ ಟಂಗ್‌ಸ್ಟನ್, ಬಲ್ಬಿನೊಳಗಿನ ತಂತಿ. ಈ ಫಿಲ್ಮು ಬಿಳಿ ಎಂದು ಒಪ್ಪಿಕೊಳ್ಳುವುದು ಆ ತಂತಿಯ ಬೆಳಕನ್ನು, ಅದೂ 3200 ಕೆಲ್ವಿನ್ ಬಿಸಿಯಲ್ಲಿ ಉರಿಯುವ ಸ್ಟುಡಿಯೊ ಲೈಟಿನ ಬೆಳಕನ್ನು.

ಕುಲುಮೆಯ ಮುಂದೆ ನಿಂತವರಿಗೆ ಕೆಲ್ವಿನ್ ಲೆಕ್ಕ ಹೊಸದೇನಲ್ಲ. ಕಬ್ಬಿಣ ಕಾಯುತ್ತಾ ಮೊದಲು ಕೆಂಪಾಗುತ್ತದೆ, ಆಮೇಲೆ ಕಿತ್ತಳೆ, ಹಳದಿ, ಇನ್ನೂ ಕಾದರೆ ಬೆಳ್ಳಗೆ. ಬಿಸಿ ಏರಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ. ಬಲ್ಬಿನ ತಂತಿ 3200ರಲ್ಲಿ ಹಳದಿಯಾಗಿ ನಿಂತರೆ, ಹಗಲ ಬೆಳಕನ್ನು ಸುಮಾರು 5500 ಎಂದು ಲೆಕ್ಕ ಹಿಡಿಯುತ್ತಾರೆ. ಬಿಳಿ ಪಂಚೆಯನ್ನು ಅಂಗಳದಲ್ಲಿ ನೋಡಿದರೂ ಬಿಳಿ, ಒಳಗೆ ಬಲ್ಬಿನ ಕೆಳಗೆ ನೋಡಿದರೂ ಬಿಳಿ, ಏಕೆಂದರೆ ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ. ಫಿಲ್ಮಿಗೆ ಆ ಹೊಂದಾಣಿಕೆ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಯಾವ ಬೆಳಕಿಗೆಂದು ಮಾಡಿದರೋ ಅದೊಂದೇ ಅದಕ್ಕೆ ಬಿಳಿ. ಟಂಗ್‌ಸ್ಟನ್ ಬೆಳಕಿನಲ್ಲಿ ನೀಲಿ ಬಹಳ ಕಡಿಮೆ ಇರುವುದರಿಂದ ಈ ಫಿಲ್ಮಿನ ನೀಲಿ ಪದರವನ್ನು ಹೆಚ್ಚು ಚುರುಕಾಗಿ ಮಾಡಿರುತ್ತಾರೆ. ಹಾಗೇ ಬಿಸಿಲಿಗೆ ತಂದರೆ ಇಡೀ ಚಿತ್ರ ನೀಲಿಗಟ್ಟುತ್ತದೆ.

ಅದಕ್ಕೇ ಹೊರಾಂಗಣದಲ್ಲಿ ಲೆನ್ಸಿನ ಮುಂದೆ ‘ಎಯ್ಟಿಫೈವ್’ ಹಾಕುತ್ತಿದ್ದೆವು. 85 ಎಂಬ ಸಂಖ್ಯೆಯ, ಜೇನು ಬಣ್ಣದ ಫಿಲ್ಟರ್. ನೀಲಿಯನ್ನು ತಡೆದು ಹಗಲನ್ನು ಬಲ್ಬಿನ ಬಣ್ಣಕ್ಕೆ ಇಳಿಸುತ್ತದೆ. ಜೊತೆಗೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೆಳಕನ್ನೂ ತಿನ್ನುತ್ತದೆ, 500ರ ಫಿಲ್ಮು 320 ಆಗುತ್ತದೆ.

ಹಗಲಿಗೇ ಮಾಡಿದ ಫಿಲ್ಮ್ ಬಳಸಿದರೆ ಆಗದೇ ಎಂದು ಹೊಸ ಹುಡುಗರು ಕೇಳುತ್ತಾರೆ. ಅಂಥ ಫಿಲ್ಮೂ ಇದೆ, ಅದಕ್ಕೆ ‘ಡಿ’ ಎನ್ನುತ್ತಾರೆ. ಆದರೆ ಅದನ್ನು ಬಲ್ಬಿನ ಬೆಳಕಿಗೆ ಹೊಂದಿಸಲು ನೀಲಿ ಫಿಲ್ಟರ್ ಬೇಕು, ಆ 80ಎ ಫಿಲ್ಟರ್ ತಿನ್ನುವುದು ಎರಡು ಸ್ಟಾಪ್. ಅಂದರೆ ಇರುವ ಬೆಳಕಿನಲ್ಲಿ ಕಾಲುಭಾಗ ಮಾತ್ರ ಒಳಕ್ಕೆ. ಬಿಸಿಲಿನಲ್ಲಿ ಬೆಳಕು ಧಾರಾಳ, ಸ್ವಲ್ಪ ಹೋದರೆ ಹೋಗಲಿ. ರಾತ್ರಿ, ಹತ್ತು ಲೈಟ್ ಹೊತ್ತಿಸಲು ಜನರೇಟರ್ ಏದುಸಿರು ಬಿಡುವಾಗ ಮುಕ್ಕಾಲು ಪಾಲು ಬೆಳಕನ್ನು ಫಿಲ್ಟರಿಗೆ ಸುರಿಯುವವರು ಯಾರು? ಟಂಗ್‌ಸ್ಟನ್ ಫಿಲ್ಮಿನ ಹಿಂದಿರುವುದು ಮನೆ ನಡೆಸುವವರ ಬುದ್ಧಿ: ಇದ್ದಲ್ಲಿ ಖರ್ಚು, ಇಲ್ಲದಲ್ಲಿ ಉಳಿತಾಯ.

ಆ ಉಳಿತಾಯಕ್ಕೆ ದೀರ್ಘ ಚರಿತ್ರೆ ಇದೆ. 1952ರಲ್ಲಿ ಈಸ್ಟ್‌ಮನ್ ಕೊಡಕ್ ತಂದ 5248 ಎಂಬ ಟಂಗ್‌ಸ್ಟನ್ ನೆಗೆಟಿವ್‌ನ ವೇಗ ಬರೀ 25. ಬಿ.ಎಸ್. ರಂಗಾ ಅವರು 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ಯನ್ನು ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಗಿ ತೆರೆಗೆ ತಂದಾಗ ಈಸ್ಟ್‌ಮನ್ ನೆಗೆಟಿವ್ 50ಕ್ಕೆ ಬಂದಿತ್ತು. 1968ರಲ್ಲಿ 100. 1989ರಲ್ಲಿ ಇಎಕ್ಸ್‌ಆರ್ ಸರಣಿಯ 5296 ಬಂದು 500 ಮುಟ್ಟಿತು. 25ರ ಫಿಲ್ಮಿಗೆ ಇಪ್ಪತ್ತು ಲೈಟ್ ಬೇಕಾಗುತ್ತಿದ್ದ ಕಡೆ 500ಕ್ಕೆ ಒಂದು ಸಾಕು. ಹಳೆಯ ಸ್ಟುಡಿಯೊ ಫ್ಲೋರ್‌ಗಳಲ್ಲಿ ಸೋಲಾರ್ ಎಂಬ ದೊಡ್ಡ ಲೈಟುಗಳ ಕೆಳಗೆ ಕಲಾವಿದರ ಮೇಕಪ್ ಕರಗುತ್ತಿತ್ತೆಂದು ಹಿರಿಯ ಲೈಟ್‌ಮನ್‌ಗಳು ಹೇಳುತ್ತಿದ್ದ ಮಾತು ನನಗೆ ಅರ್ಥವಾದದ್ದು ಈ ಲೆಕ್ಕ ತಿಳಿದ ಮೇಲೆ.

ನನ್ನ ಒಂದು ತಪ್ಪನ್ನೂ ಹೇಳಬೇಕು. ಶ್ರೀರಂಗಪಟ್ಟಣದಲ್ಲಿ ಬೆಳಗ್ಗೆಯೆಲ್ಲ ಹಳೆ ಮನೆಯೊಳಗೆ ಶೂಟಿಂಗ್, ಊಟದ ಮೇಲೆ ಕಾವೇರಿ ದಂಡೆಗೆ. ‘ಎಯ್ಟಿಫೈವ್ ಹಾಕಿದೀಯೇನಪ್ಪಾ?’ ಎಂದು ಕ್ಯಾಮೆರಾಮನ್ ಕೇಳಿದರು. ‘ಹಾಕಿದೀನಿ ಸಾರ್’ ಅಂದೆ. ಹಿಂದಿನ ದಿನದ್ದನ್ನು ನೆನೆದು ಹೇಳಿದ ಮಾತು ಅದು. ಫಿಲ್ಟರ್ ನನ್ನ ಪೆಟ್ಟಿಗೆಯಲ್ಲೇ ಇತ್ತು. ಸಂಜೆ ಪೆಟ್ಟಿಗೆ ತೆರೆದು ನೋಡಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಆಗಲೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ರಿಪೋರ್ಟ್ ಶೀಟಿನಲ್ಲಿ ‘85 ಇಲ್ಲ’ ಎಂದು ಬರೆಸಿದರು.

ಲ್ಯಾಬಿನ ಗ್ರೇಡರ್ ಕೆಂಪು, ಹಸಿರು, ನೀಲಿ ಮೂರು ದೀಪಗಳನ್ನು ಬೇರೆಬೇರೆಯಾಗಿ, 1ರಿಂದ 50ರ ಅಳತೆಯಲ್ಲಿ ಏರಿಸಿ ಇಳಿಸಿ ಪ್ರಿಂಟ್ ತೆಗೆಯುತ್ತಿದ್ದರು. ಅವರು ಚಿತ್ರದ ನೀಲಿಯನ್ನು ಹತ್ತಿಕ್ಕಿ ನೀರು, ಮರ, ಆಕಾಶ ಎಲ್ಲವನ್ನೂ ಸರಿಮಾಡಿದರು. ನಾಯಕಿಯ ಮುಖದ ನೆರಳು ಬದಿ ಮಾತ್ರ ಸರಿಹೋಗಲಿಲ್ಲ. ನೀಲಿ ಪದರಕ್ಕೆ ಬೆಳಕು ಹೆಚ್ಚಾಗಿ, ನೆರಳಿನ ಚರ್ಮದಲ್ಲಿ ರಕ್ತವೇ ಇಲ್ಲದಂತೆ ಕಂಡಿತು. ಕೆಲವು ಕ್ಯಾಮೆರಾಮನ್‌ಗಳು ಬೇಕೆಂದೇ 85 ಬಿಡುತ್ತಾರೆ, ಆ ತಂಪು ಬಣ್ಣ ಅವರಿಗೆ ಬೇಕಾಗಿರುತ್ತದೆ. ಗೊತ್ತಿದ್ದು ಬಿಡುವುದು ಬೇರೆ, ಮರೆಯುವುದು ಬೇರೆ.

ಆ ಕಾಲದ ಒಂದಡಿ ಉದ್ದದ ಡೆವಲಪ್ ಆಗದ ತುಂಡು ನನ್ನ ಬಳಿ ಇದೆ. ಬೆಳಕು ಕಂಡು ಕೆಟ್ಟುಹೋದದ್ದು. ಒಂದು ಮಗ್ಗುಲು ಮಾಸಲು ಕಂದು, ಇನ್ನೊಂದು ಕಾಡಿಗೆಯಂಥ ಕಪ್ಪು. ಅಡುಗೆ ಸೋಡಾ ಕದಡಿದ ನೀರಲ್ಲಿ ನೆನೆಸಿ ಉಜ್ಜಿದರೆ ಹೆಬ್ಬೆರಳಿಗೆ ಮಸಿ ಹತ್ತುತ್ತದೆ. ಅದು ರೆಮ್‌ಜೆಟ್, ಇಂಗಾಲದ ಲೇಪ. ಫಿಲ್ಮನ್ನು ದಾಟಿ ಬಂದ ಬೆಳಕು ಹಿಂದಿನಿಂದ ಪ್ರತಿಫಲಿಸಿ ದೀಪಗಳ ಸುತ್ತ ಪ್ರಭೆ ಕಟ್ಟದಂತೆ ತಡೆಯುವುದು ಅದರ ಕೆಲಸ. ಕ್ಯಾಮೆರಾದೊಳಗೆ ಸೆಕೆಂಡಿಗೆ 24 ಫ್ರೇಮ್ ಓಡುವಾಗ ಸ್ಥಾಯಿ ವಿದ್ಯುತ್ತಿನ ಕಿಡಿ ಏಳದಂತೆಯೂ ಅದು ಕಾಯುತ್ತದೆ. ಸಿನಿಮಾ ನೆಗೆಟಿವ್‌ಗೆ ಇಸಿಎನ್-2 ಎಂಬ ಬೇರೆಯೇ ಸಂಸ್ಕರಣೆ, ಅದರಲ್ಲಿ ಈ ಮಸಿಯನ್ನು ಮೊದಲು ತೊಳೆಯಬೇಕಿತ್ತು. ಆಮೇಲೆ 41 ಡಿಗ್ರಿ ಸೆಲ್ಸಿಯಸ್‌ನ ಡೆವಲಪರ್‌ನಲ್ಲಿ ಮೂರು ನಿಮಿಷ. ಸಿನೆಸ್ಟಿಲ್ ಎಂಬ ಕಂಪನಿ ಇದೇ 500ಟಿಯ ಮಸಿ ತೆಗೆದು ಸ್ಟಿಲ್ ಕ್ಯಾಮೆರಾಗೆ 800ಟಿ ಎಂದು ಮಾರಿತು. ಅದರಲ್ಲಿ ಬೀದಿದೀಪದ ಸುತ್ತ ಕೆಂಪು ಪ್ರಭೆ ಕಾಣುವುದು ತಡೆಯುವ ಮಸಿ ಇಲ್ಲದ್ದರಿಂದ. ಹುಡುಗರಿಗೆ ಅದೇ ಇಷ್ಟ. 2025ರಲ್ಲಿ ಕೊಡಕ್ ತಾನೇ ರೆಮ್‌ಜೆಟ್ ಬಿಟ್ಟು, ಬೆಳಕು ಹಿಡಿಯುವ ಲೇಪದ (ಎಮಲ್ಷನ್) ಅಡಿಯಲ್ಲೇ ಪ್ರಭೆ ತಡೆಯುವ ಪದರ ಇಡುವ ಬದಲಾವಣೆ ಶುರುಮಾಡಿತು.

ಕಂದು ಮಗ್ಗುಲಲ್ಲಿ ಕೂದಲೆಳೆಗಿಂತ ತೆಳುವಾದ ಲೇಪದೊಳಗೆ ಹಲವು ಪದರಗಳಿವೆ. ಮೇಲೆ ನೀಲಿಯನ್ನು ಹಿಡಿಯುವವು, ನಡುವೆ ಹಸಿರು, ಕೆಳಗೆ ಕೆಂಪು. ಪ್ರತಿ ಬಣ್ಣಕ್ಕೂ ಚುರುಕು ಹರಳಿನದೊಂದು, ನಿಧಾನ ಹರಳಿನದೊಂದು ಹೀಗೆ ಒಳಪದರಗಳು. ಚುರುಕು ಹರಳುಗಳು ದೊಡ್ಡವು, ನೆರಳನ್ನು ಹಿಡಿಯುತ್ತವೆ, ಪರದೆಯಲ್ಲಿ ನುಚ್ಚಿನಂತೆ ಕಾಣುವ ಗ್ರೇನ್ ಅವುಗಳದ್ದೇ. ಬೆಳಕು ತುಸು ಹೆಚ್ಚು ಕೊಟ್ಟರೆ ಸಣ್ಣ ಹರಳುಗಳೂ ಎಚ್ಚೆತ್ತು ಸಂದುಗಳನ್ನು ತುಂಬುತ್ತವೆ. ಅದಕ್ಕಾಗಿ ನಮ್ಮ ಕ್ಯಾಮೆರಾಮನ್ 500ರ ಫಿಲ್ಮಿಗೆ ಬೆಳಕಿನ ಮೀಟರ್‌ನಲ್ಲಿ 400 ಇಡುತ್ತಿದ್ದರು. ‘ನೆಗೆಟಿವ್ ಗಟ್ಟಿ ಇರ್ಬೇಕಪ್ಪಾ’ ಅನ್ನುತ್ತಿದ್ದರು. 2007ರಲ್ಲಿ ಬಂದ 5219 ಆ ಔದಾರ್ಯವನ್ನು ಹಿಂದಿನದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತಿತ್ತು. ಕಿಟಕಿಯ ಬಿಸಿಲು, ದೀಪದ ಬುರುಡೆ ಬೆಳ್ಳಗೆ ಸುಟ್ಟುಹೋಗದೆ ಒಳಗಿನ ವಿವರ ಉಳಿಸಿಕೊಳ್ಳುತ್ತಿದ್ದವು. ಕ್ರಿಸ್ಟೋಫರ್ ನೋಲನ್ 2023ರ ‘ಓಪನ್‌ಹೈಮರ್’ಗೆ 65 ಮಿ.ಮೀ. ಅಳತೆಯಲ್ಲಿ ಬಳಸಿದ ಫಿಲ್ಮುಗಳಲ್ಲಿ ಈ 500ಟಿಯೂ ಒಂದು.

ಈ ಫಿಲ್ಮು ನನ್ನೊಳಗೆ ನಿಂತುಬಿಟ್ಟದ್ದು ಸಿರ್ಸಿ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ. ಮುಸ್ಸಂಜೆಯ ಶಾಟ್. ಒಳಗೆ ಕತ್ತಲ ಜಗಲಿಯಲ್ಲಿ ತೂಗುವ ಒಂದು ಬಲ್ಬು, ಅದರಡಿ ತಾಯಿ ಕೂತಿದ್ದಾರೆ. ತೆರೆದ ಬಾಗಿಲಾಚೆ ತೋಟ. ಮಗ ಹೊರಗಿನಿಂದ ಬಂದು ಹೊಸ್ತಿಲಲ್ಲಿ ನಿಲ್ಲಬೇಕು. ಹೊರಗಿನ ಬೆಳಕೂ ಬಲ್ಬಿನ ಬೆಳಕೂ ಸರಿಸಮ ನಿಲ್ಲುವುದು ಹತ್ತೇ ನಿಮಿಷ. ಎರಡು ಟೇಕ್ ಕೆಟ್ಟವು. 400 ಅಡಿಯ ರೋಲು ಓಡುವುದೇ ನಾಲ್ಕೂವರೆ ನಿಮಿಷ, ಅದು ಮುಗಿಯಿತು. ಮಿಕ್ಕದ್ದು ಹಿಂದಿನ ವಾರದ ಶಾರ್ಟ್ ಎಂಡ್, ಅಂದರೆ ರೋಲಿನಲ್ಲಿ ಉಳಿದ ತುಂಡು, 120 ಅಡಿ, ಎಂಬತ್ತು ಸೆಕೆಂಡ್. ಅದನ್ನೇ ಲೋಡ್ ಮಾಡಿ ಕೊಟ್ಟೆ. ‘ಎಯ್ಟಿಫೈವ್ ತೆಗೆದಿದೀನಿ ಸಾರ್, ನೋಡಿದೀನಿ’ ಅಂದೆ. ಕೇಳುವ ಮೊದಲೇ ಹೇಳಿದ್ದು ಅದೇ ಮೊದಲು.

ಮಗ ಬಂದ, ನಿಂತ, ತಾಯಿ ತಲೆಯೆತ್ತಿದರು. ಅಷ್ಟರಲ್ಲಿ ಫಿಲ್ಮಿನ ಬಾಲ ಮ್ಯಾಗಜಿನ್ನಿನೊಳಗೆ ಪಟಪಟ ಬಡಿಯಿತು.

ಲ್ಯಾಬಿನಿಂದ ಬಂದ ರಶಸ್ ನೋಡಿದಾಗ ಆ ಹಳದಿ ಬಲ್ಬಿನಡಿ ತಾಯಿಯ ಬಿಳಿ ಸೀರೆ ತುಸುವೇ ಬೆಚ್ಚಗೆ, ಹೆಚ್ಚುಕಡಿಮೆ ಬಿಳಿಯಾಗಿಯೇ ಇತ್ತು. ಬಾಗಿಲಾಚೆಯ ತೋಟ ಮಾತ್ರ ಶಾಯಿ ಚೆಲ್ಲಿದಂತೆ ಆಳ ನೀಲಿ. ಅಲ್ಲಿ ನಿಂತಾಗ ನಮ್ಮಲ್ಲೊಬ್ಬರ ಕಣ್ಣಿಗೂ ಅಷ್ಟು ನೀಲಿ ಕಂಡಿರಲಿಲ್ಲ.