ಸದ್ದು ತಗ್ಗಲಿ, ದನಿ ಉಳಿಯಲಿ

ನನ್ನ ತಾಯಿ ತೀರಿಕೊಂಡು ಮೂವತ್ತು ವರ್ಷಗಳಾದವು. ಅವರ ದನಿ ಉಳಿದಿರುವುದು 1986ರಲ್ಲಿ ನಾನು ಧ್ವನಿಮುದ್ರಿಸಿಕೊಂಡ ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಹಳ್ಳದ ಸಂಕ ದಾಟಿ ಶಾಲೆಗೆ ಹೋಗುತ್ತಿದ್ದ ಬಾಲ್ಯವನ್ನು ಅವರು ಅದರಲ್ಲಿ ನೆನೆದಿದ್ದಾರೆ. ಹಿನ್ನೆಲೆಯಲ್ಲಿ ಉದ್ದಕ್ಕೂ ‘ಹಿಸ್’ ಎಂಬ ಸದ್ದು.

ಕಳೆದ ವರ್ಷ ಅಂಗಡಿಯೊಂದಕ್ಕೆ ಕೊಟ್ಟು ಅದನ್ನು ಡಿಜಿಟಲ್ ರೂಪಕ್ಕೆ ತರಿಸಿದೆ. ಸದ್ದು ಪೂರ್ತಿ ಮಾಯವಾಗಿತ್ತು. ಆದರೆ ಅದನ್ನು ಕೇಳಿದ ಮೊಮ್ಮಗಳು, ‘ಅಜ್ಜ, ಮುತ್ತಜ್ಜಿ ಅಂಕ ದಾಟಿದ್ದು ಅಂದರೇನು?’ ಎಂದಳು. ಸದ್ದಿನೊಡನೆ ಸಂಕದ ‘ಸ’ಕಾರವೂ ಹೊರಟುಹೋಗಿತ್ತು.

ಇದಕ್ಕೆ ಕಾರಣವಿದೆ. ಟೇಪಿನ ಮೇಲೆ ಲೇಪಿಸಿರುವ ಕಾಂತೀಯ ಕಣಗಳ ಏರುಪೇರೇ ಈ ಸದ್ದಿನ ಮೂಲ. 1963ರಲ್ಲಿ ಫಿಲಿಪ್ಸ್ ಕಂಪೆನಿ ಪರಿಚಯಿಸಿದ ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಅಗಲ. ಸೆಕೆಂಡಿಗೆ ಐದು ಸೆಂಟಿಮೀಟರ್ ಕೂಡ ಚಲಿಸದು. ಹೀಗಾಗಿ ದನಿಯ ಎದುರು ಸದ್ದೇ ಮುಂದಾಗುತ್ತದೆ. ಅದು ನಮ್ಮ ಕಿವಿಗೆ ಹೆಚ್ಚಾಗಿ ತಾಗುವುದು ಮೇಲಿನ ಕಂಪನಾಂಕಗಳಲ್ಲಿ. ಸ, ಶ, ಷಗಳ ನೆಲೆಯೂ ಅದೇ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಳಿಮುಖ ಸೀಮಾಂತ ತುಷ್ಟಿಗುಣದ ನಿಯಮ ನೆನಪಾಯಿತು: ಮೊದಲ ಕೆಲವು ಡೆಸಿಬೆಲ್ ತಗ್ಗಿಸಿದರೆ ಲಾಭ, ಮುಂದಿನ ಪ್ರತಿಯೊಂದಕ್ಕೂ ದನಿಯೇ ಬೆಲೆ ತೆರಬೇಕು.

‘ಕ್ಯಾಸೆಟ್ ಇನ್ನೇಕೆ ಸಾರ್?’ ಎಂದು ಅಂಗಡಿಯವರು ಕೇಳಿದ್ದರೂ ನಾನದನ್ನು ಎಸೆದಿರಲಿಲ್ಲ. ಮನೆಯಲ್ಲೇ ಮತ್ತೆ ಆರಂಭಿಸಿದೆ. ಸದ್ದಿನ ವಿರುದ್ಧದ ಕೆಲಸ ಕಂಪ್ಯೂಟರಿಗಿಂತ ಮೊದಲು ಟೇಪ್ ಡೆಕ್ಕಿನಲ್ಲೇ ನಡೆಯಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಹೆಡ್ ಒರೆಸಬೇಕು. ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು ತುಸುವೇ ತಿರುಗಿಸಿ, ಸಕಾರ ಅತ್ಯಂತ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಬೇಕು. ಡಾಲ್ಬಿ ಬಳಸಿ ಮುದ್ರಿಸಿದ್ದರೆ ಮಾತ್ರ ಡಾಲ್ಬಿ ಗುಂಡಿ ಒತ್ತಬೇಕು; ಇಲ್ಲವಾದರೆ ದನಿ ಮಂಕಾಗುತ್ತದೆ.

ಅನಂತರ ಯಾವ ತಿದ್ದುಪಡಿಯೂ ಇಲ್ಲದ ಮೂಲಪ್ರತಿಯನ್ನು 24 ಬಿಟ್‌ನ ವೇವ್ ಕಡತವಾಗಿ ಉಳಿಸಬೇಕು. 48 ಕಿಲೊಹರ್ಟ್ಸ್‌ನಲ್ಲಿ ಒಂದು ಗಂಟೆಯ ಮೊನೊ ಮಾತಿಗೆ ಸುಮಾರು ಅರ್ಧ ಗಿಗಾಬೈಟ್ ಸಾಕು. ಸರ್ಕಾರಿ ಕಚೇರಿಯಲ್ಲಿ ಮೂಲ ದಾಖಲೆಯನ್ನು ಯಾರೂ ತಿದ್ದುವಂತಿಲ್ಲ. ಇಲ್ಲಿಯೂ ಶುದ್ಧೀಕರಣವೆಲ್ಲ ನಕಲಿನ ಮೇಲೆಯೇ ನಡೆಯಬೇಕು. ಉಚಿತವಾಗಿ ದೊರೆಯುವ ಅಡಾಸಿಟಿ ತಂತ್ರಾಂಶದಲ್ಲಿ, ಮಾತಿಲ್ಲದ ಎರಡು ಮೂರು ಸೆಕೆಂಡುಗಳನ್ನು ಆರಿಸಿ ಸದ್ದಿನ ಮಾದರಿಯನ್ನು ಕೊಟ್ಟರೆ, ಉಳಿದೆಡೆಯೂ ಅದು ತಗ್ಗುತ್ತದೆ. ಆರರಿಂದ ಹತ್ತು ಡೆಸಿಬೆಲ್‌ಗೆ ನಾನು ತೃಪ್ತನಾದೆ. ದನಿ ನೀರಿನೊಳಗಿಂದ ಬಂದಂತೆ ಕೇಳಿಸತೊಡಗಿದರೆ ಮಿತಿ ಮೀರಿತೆಂದೇ ಅರ್ಥ.

ಅನೇಕ ಮನೆಗಳ ಕಪಾಟಿನಲ್ಲಿ ಇಂಥ ಕ್ಯಾಸೆಟ್ಟುಗಳಿವೆ. ಅವುಗಳನ್ನು ನುಡಿಸುವ ಯಂತ್ರಗಳು ವಿರಳವಾಗುತ್ತಿವೆ. ಇರುವವುಗಳ ರಬ್ಬರ್ ಬೆಲ್ಟುಗಳೂ ಸಡಿಲಗೊಳ್ಳುತ್ತಿವೆ. ಶುದ್ಧೀಕರಣ ನಾಳೆಗಾದರೂ ಆದೀತು, ಮೂಲಪ್ರತಿ ಮಾಡಿಕೊಳ್ಳುವುದನ್ನು ಮುಂದೂಡಬಾರದು.

ನನ್ನ ಹೊಸ ಪ್ರತಿಯಲ್ಲಿ ಸದ್ದು ದೂರದ ಮಳೆಯಂತೆ ಸ್ವಲ್ಪ ಉಳಿದಿದೆ. ಮೊಮ್ಮಗಳು ಮತ್ತೆ ಕೇಳಿಸಿಕೊಂಡಳು. ಈ ಬಾರಿ ಅವಳ ಪ್ರಶ್ನೆ ಬೇರೆ: ‘ಅಜ್ಜ, ಸಂಕ ಅಂದರೇನು?’ ಅದಕ್ಕೆ ಉತ್ತರ ನನ್ನಲ್ಲಿತ್ತು.