ಉರಿಯುವ ಗಾಳಿಯನ್ನು ಉಣ್ಣುವ ಜೀವಿಗಳು

ಕೆರೆಗೆ ಬೆಂಕಿ ಹತ್ತುವುದುಂಟೆ? ಹತ್ತಿತೆಂದರೆ ನಮ್ಮ ಹಿರಿಯರು ಕಟ್ಟುಕಥೆಯೆಂದು ನಕ್ಕುಬಿಡುತ್ತಿದ್ದರು. ಆದರೆ 2015ರ ಮೇ ತಿಂಗಳಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯ ಮೇಲೆ ಜ್ವಾಲೆಗಳೆದ್ದುದನ್ನು ಜನ ಕಣ್ಣಾರೆ ಕಂಡರು. 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಅಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡಿತು. ಕೊನೆಯ ಸಲ ಅದನ್ನು ಆರಿಸಲು ಸೈನಿಕರೂ ಬರಬೇಕಾಯಿತು. ದಡದ ಒಣಹುಲ್ಲಿಗೂ ಕಸಕ್ಕೂ ತಗುಲಿದ ಕಿಡಿಯೇ ಕಾರಣವೆಂದು ಕೆಲವರೆಂದರು. ಕೆಸರಿನಿಂದೇಳುವ ಮೀಥೇನ್ ಅನಿಲವೆಂದು ಕೆಲವರೆಂದರು.

ದಕ್ಷಿಣ ಬೆಂಗಳೂರಿನವರು ಇದನ್ನು ಪರರ ಊರಿನ ಸುದ್ದಿಯೆಂದು ಬಗೆಯುವಂತಿಲ್ಲ. ಬಿ.ಟಿ.ಎಂ. ಬಡಾವಣೆಯ ಮಗ್ಗುಲಿನ ಮಡಿವಾಳ ಕೆರೆ ಕೋಡಿ ಹರಿದರೆ ನೀರು ಅಗರದ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ ಸಾಗುತ್ತದೆ.

ಈ ಮೀಥೇನ್ ಹುಟ್ಟುವುದೆಂತು? ಕೊಳಚೆ ಸೇರಿದ ಕೆರೆಯ ತಳದಲ್ಲಿ ಆಮ್ಲಜನಕ ಬೇಗ ತೀರಿಹೋಗುತ್ತದೆ. ಅಂಥ ಉಸಿರುಗಟ್ಟಿದ ಕೆಸರಿನಲ್ಲಿಯೇ ಬಾಳುವ ಸೂಕ್ಷ್ಮಜೀವಿಗಳು ಕೊಳೆತುದನ್ನು ಮೀಥೇನಾಗಿ ಮಾರ್ಪಡಿಸುತ್ತವೆ. ಹಳ್ಳಿಯ ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಇದೇ. 1776ರಲ್ಲಿ ಇಟಲಿಯ ವೋಲ್ಟ ಮಹಾಶಯನು ಮಜೋರೆ ಸರೋವರದ ಕೆಸರನ್ನು ಕೋಲಿನಿಂದ ಕದಡಿ, ಎದ್ದ ಗುಳ್ಳೆಗಳನ್ನು ಸಂಗ್ರಹಿಸಿ, ಅವು ಉರಿಯುವುದನ್ನು ತೋರಿಸಿದನು.

ಗುಳ್ಳೆಯಾಗಿ ಮೇಲೇರಿದ ಮೀಥೇನ್ ಗಾಳಿಗೆ ಸೇರುತ್ತದೆ. ನೀರಿನಲ್ಲಿ ಕರಗಿದ್ದು ನೀರಿನೊಡನೆ ನೆಲದಡಿಗೂ ಇಳಿಯಬಲ್ಲುದು. ಬೆಂಗಳೂರಿನ ಅಡಿಯಲ್ಲಿರುವುದು ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವಂಥ, ಸುಮಾರು 300 ಕೋಟಿ ವರ್ಷಗಳ ನೈಸ್ ಶಿಲೆ; ಕಲ್ಲಿದ್ದಲಾಗಲಿ ಎಣ್ಣೆಯಾಗಲಿ ಇಲ್ಲ. ಹೀಗಿರುವಲ್ಲಿ ಇಲ್ಲಿಯ ಮೇಲ್ಪದರದ ಅಂತರ್ಜಲಕ್ಕೆ ಮೀಥೇನ್ ಸೇರಿದರೆ, ಅದು ಮುಖ್ಯವಾಗಿ ಕೆರೆಯ ಕೆಸರು, ಸೋರುವ ಒಳಚರಂಡಿ, ಹೂತ ಕಸ ಇವುಗಳ ಕೊಡುಗೆಯೇ ಸರಿ.

ಸೋಜಿಗವೆಂದರೆ, ಈ ಅನಿಲವನ್ನೇ ಅನ್ನವಾಗಿ ಉಣ್ಣುವ ಜೀವಿಗಳೂ ಉಂಟು. 1906ರಲ್ಲಿ ಹಾಲೆಂಡಿನ ಸೋಂಗೆನ್ ಎಂಬ ವಿಜ್ಞಾನಿ ಅಂಥ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದನು. ಕೆಳಗಿನಿಂದ ಮೀಥೇನ್, ಮೇಲಿನಿಂದ ಆಮ್ಲಜನಕ ಬಂದು ಕೂಡುವ ತೆಳುವಾದ ಎಡೆಯೇ ಇವುಗಳ ನೆಲೆ. ತಾಮ್ರ ಅಥವಾ ಕಬ್ಬಿಣವನ್ನೊಳಗೊಂಡ ಕಿಣ್ವವೊಂದರ ನೆರವಿನಿಂದ ಇವು ಮೀಥೇನನ್ನು ಒಡೆದು ಕೊಂಚ ಭಾಗದಿಂದ ಮೈ ಬೆಳೆಸಿಕೊಳ್ಳುತ್ತವೆ; ಉಳಿದುದನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಬಿಡುತ್ತವೆ. ಬೆಂಕಿ ಮಾಡುವ ಕೆಲಸವನ್ನೇ ಜ್ವಾಲೆಯಿಲ್ಲದೆ ಮಾಡುತ್ತವೆಯೆನ್ನಬಹುದು.

ಆದರೆ ಈ ಊಟದ ಲೆಕ್ಕ ಕಟ್ಟುನಿಟ್ಟು. ಒಂದು ಲೀಟರ್ ಮೀಥೇನ್ ಪೂರ್ತಿ ಕರಗಿಹೋಗಲು ಎರಡು ಲೀಟರ್ ಆಮ್ಲಜನಕ ಬೇಕು. ಕೊಳಚೆಯೇ ಆಮ್ಲಜನಕವನ್ನೆಲ್ಲ ನುಂಗಿದ ಮೇಲೆ ಇವಕ್ಕೇನು ಉಳಿದೀತು? 2006ರಲ್ಲಿ ಹಾಲೆಂಡಿನ ಕಾಲುವೆಯೊಂದರ ಕೆಸರಿನಲ್ಲಿ, ಆಮ್ಲಜನಕದ ಬದಲು ನೈಟ್ರೇಟನ್ನೂ ನೈಟ್ರೈಟನ್ನೂ ಬಳಸಿ ಮೀಥೇನ್ ಉಣ್ಣುವ ಜೀವಿಗಳು ಪತ್ತೆಯಾದುವು. ಬೆಂಗಳೂರಿನ ಹಲವು ಕೊಳವೆ ಬಾವಿಗಳಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ, ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಈ ಜೀವಿಗಳು ಇಮ್ಮಡಿಯಾಗಲು ವಾರಗಳೇ ಬೇಕು. ನಮ್ಮ ಚರಂಡಿಗಳೋ ಹಗಲಿರುಳು ಹರಿಯುತ್ತವೆ.

ಇಲ್ಲಿ ವಾಚಕರಿಗೊಂದು ಎಚ್ಚರಿಕೆ. ಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು ನೋಡುವುದು ಹಳೆಯ ರೂಢಿ. ದೀಪ ಆರಿದರೆ ಉಸಿರಾಡುವ ಗಾಳಿಯಿಲ್ಲವೆಂದು ಅರ್ಥ. ಮೀಥೇನ್ ತುಂಬಿದಲ್ಲಿ ಆ ದೀಪವೇ ಸ್ಫೋಟಕ್ಕೆ ಕಾರಣವಾದೀತು. ಮೀಥೇನನ್ನು ಜೀವಿಗಳು ಉಂಡು ಮುಗಿಸಿದಲ್ಲಿಯೂ ಅಪಾಯ ತಪ್ಪಿದ್ದಲ್ಲ. ಅವು ಆಮ್ಲಜನಕವನ್ನೂ ಕೂಡಿಯೇ ಉಂಡಿರುತ್ತವೆ. ಅನಿಲಮಾಪಕದಿಂದ ಅಳೆಯದೆ, ಹೊಸ ಗಾಳಿ ಹಾಯಿಸದೆ ಯಾರನ್ನೂ ಹಳೆಯ ಬಾವಿಗೆ ಇಳಿಸಲಾಗದು.

ಕೊಳಚೆಯನ್ನು ಶುದ್ಧೀಕರಿಸಿ ಕೆರೆಗೆ ಬಿಟ್ಟರೆ ನೀರಿಗೆ ಉಸಿರು ಮರಳುತ್ತದೆ, ಈ ಜೀವಿಗಳಿಗೆ ದುಡಿಯಲು ಎಡೆ ದೊರೆಯುತ್ತದೆ. ಉಣ್ಣುವವರು ನೆಲದಡಿಯಲ್ಲಿ ಕಾದಿದ್ದಾರೆ. ಬಡಿಸುವ ನಾವು ಮಿತಿಯನ್ನರಿಯಬೇಕು.