ಕೆಟ್ಟ ಫೈಲು ಗೊತ್ತಾಗುವ ಬಗೆ

ಪ್ರಶ್ನೆ: ಗಂಟೆಗಟ್ಟಲೆ ಕಾದು ಡೌನ್‌ಲೋಡ್ ಮಾಡಿಕೊಂಡ ಆಟವು ಇನ್‌ಸ್ಟಾಲ್ ಆಗುವಾಗ ‘ಫೈಲ್ ಕೆಟ್ಟಿದೆ’ ಎಂದು ನಡುವೆಯೇ ನಿಂತುಬಿಡುವುದೇಕೆ? ಸರಿಪಡಿಸುವುದು ಹೇಗೆ?

ದಿನಸಿ ಅಂಗಡಿಯ ಚೀಟಿಯ ಕೊನೆಯಲ್ಲಿ ಒಟ್ಟು ಮೊತ್ತವಿರುತ್ತದಷ್ಟೆ. ಮನೆಯಲ್ಲಿ ಕುಳಿತು ಬಾಬುಗಳನ್ನು ಮತ್ತೊಮ್ಮೆ ಕೂಡಿದಾಗ ಆ ಮೊತ್ತ ಬಾರದಿದ್ದರೆ, ಎಲ್ಲಿಯೋ ಒಂದು ಅಂಕಿ ವ್ಯತ್ಯಾಸವಾಗಿದೆಯೆಂದು ನಿಶ್ಚಯವಾಗುತ್ತದೆ. ಆಟವನ್ನು ಸಿದ್ಧಪಡಿಸಿದವರೂ ಅದರ ಫೈಲುಗಳನ್ನು ಒತ್ತಿ ಕಿರಿದುಗೊಳಿಸಿ ಗಂಟು ಕಟ್ಟುವಾಗ, ಇಂಥದೇ ಒಂದು ತಾಳೆಸಂಖ್ಯೆಯನ್ನು ಲೆಕ್ಕಹಾಕಿ ಜೊತೆಯಲ್ಲಿರಿಸಿರುತ್ತಾರೆ. 1961ರಲ್ಲಿ ಅಮೆರಿಕದ ಗಣಿತಜ್ಞ ಡಬ್ಲ್ಯು. ವೆಸ್ಲಿ ಪೀಟರ್ಸನ್ ಅವರು ರೂಪಿಸಿದ ಸಿಆರ್‌ಸಿ ಎಂಬ ವಿಧಾನವು ಇಂಥ ಲೆಕ್ಕಗಳಲ್ಲಿ ಬಹುಪ್ರಚಲಿತವಾದುದು. ಅದರ 32 ಬಿಟ್ಟುಗಳ ರೂಪದಲ್ಲಿ ಸುಮಾರು 429 ಕೋಟಿ ಭಿನ್ನಸಂಖ್ಯೆಗಳು ಸಾಧ್ಯವಾದುದರಿಂದ, ಕೆಟ್ಟ ಫೈಲು ಅಕಸ್ಮಾತ್ತಾಗಿ ಸರಿಯಾದ ಸಂಖ್ಯೆಯನ್ನೇ ಕೊಡುವ ಸಂಭವ ಅತ್ಯಲ್ಪ. ಇನ್‌ಸ್ಟಾಲರ್ ಗಂಟನ್ನು ಬಿಚ್ಚುತ್ತ ಆ ಲೆಕ್ಕವನ್ನು ಪುನಃ ಮಾಡಿ, ತಾಳೆಯಾಗದೆ ಹೋದಲ್ಲಿ ನಿಲ್ಲುತ್ತದೆ.

ಪರಿಹಾರಕ್ಕೆ ಮುನ್ನ ದೋಷದ ನೆಲೆಯನ್ನು ಅರಿಯಬೇಕು. ಅದನ್ನರಿಯದೆ ಮರಳಿ ಮರಳಿ ಡೌನ್‌ಲೋಡ್ ಮಾಡುತ್ತ ದಿನಗಳೆಯುವವರನ್ನು ಕಂಡರೆ ಮರುಕವಾಗುತ್ತದೆ. ಪ್ರತಿಸಲವೂ ಅದೇ ಫೈಲಿನ ಬಳಿ ನಿಂತರೆ ಊನವು ಬಹುಮಟ್ಟಿಗೆ ಡೌನ್‌ಲೋಡಿನಲ್ಲಿಯೇ ಇದೆ, ಹೊಸದಾಗಿ ಇಳಿಸಿಕೊಳ್ಳಬೇಕು. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಮಳಿಗೆಯಲ್ಲಾದರೆ ಫೈಲುಗಳನ್ನು ಪರಿಶೀಲಿಸುವ ಸೌಲಭ್ಯವು ಕೆಟ್ಟುದನ್ನಷ್ಟೇ ಮತ್ತೆ ತರಿಸುತ್ತದೆ. ಒಂದೊಂದು ಸಲ ಒಂದೊಂದು ಫೈಲಿನಲ್ಲಿ ನಿಂತಿತೋ, ಚೀಟಿ ಸರಿಯಾಗಿದ್ದು ಕೂಡುವ ಕೈ ತಪ್ಪುತ್ತಿದೆಯೆಂದರ್ಥ: ಆಗ ಶಂಕಿಸಬೇಕಾದುದು, ಬಿಚ್ಚಿದ ದತ್ತಾಂಶವನ್ನು ಕ್ಷಣಕಾಲ ಹಿಡಿದಿಡುವ ರ್‍ಯಾಮನ್ನು. ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ, ತಪ್ಪುಗಳು ಕಂಡುಬಂದರೆ ರ್‍ಯಾಮನ್ನು ಬದಲಾಯಿಸತಕ್ಕದ್ದು.